ಸೋಮವಾರದ ಕೈಗಳು

ಆ ಆಸ್ಪತ್ರೆಗೆ ಏಳು ಮಹಡಿಗಳೆಂದು ಎಲ್ಲರೂ ಹೇಳುತ್ತಿದ್ದರು. ನೆಲದ ಕೆಳಗಿದ್ದ ಎಂಟನೆಯದನ್ನು ಯಾರೂ ಎಣಿಕೆಗೆ ಹಿಡಿಯುತ್ತಿರಲಿಲ್ಲ. ಮೇಲಿನ ಏಳರಲ್ಲಿ ಹಾಸಿದ, ಹೊದ್ದ, ಒರೆಸಿದ, ರಕ್ತ ಕೀವು ಮೆತ್ತಿದ ಬಟ್ಟೆಯೆಲ್ಲ ತಗಡಿನ ಕೊಳವೆಯೊಂದರಿಂದ ದೊಪ್ಪೆಂದು ಬಂದು ಬೀಳುತ್ತಿದ್ದುದು ಮಾತ್ರ ಅಲ್ಲಿಗೇ. ಅದನ್ನು ಬೇರ್ಪಡಿಸಿ, ಒಗೆದು, ಹಬೆಯ ಇಸ್ತ್ರಿಯಡಿ ಹಾಯಿಸಿ, ಮಡಿಸಿ, ಮತ್ತೆ ಮೇಲಕ್ಕೆ ಕಳಿಸಲು ಮೂವತ್ತೆರಡು ಹೆಂಗಸರಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹದಿನಾಲ್ಕು ವರ್ಷಗಳ ಕೆಲಸ ಆಕೆಯದು. ಎರಡಾಳು ಹಿಡಿದು ಮಡಿಸುವ ಹಾಸಿಗೆಯ ಚಾದರವನ್ನು ಒಬ್ಬಳೇ ನಾಲ್ಕು ಕೊಡವಿಗೆ ಮಡಿಸಿ ಮೂಲೆಗೆ ಮೂಲೆ ಕೂಡಿಸಿಬಿಡುತ್ತಿದ್ದಳು. ಮಗ ತೀರಿಕೊಂಡ ಮೇಲೆ ಸೊಸೆಯನ್ನೂ ಕರೆತಂದು ಪಕ್ಕದ ಮೇಜಿಗೆ ನಿಲ್ಲಿಸಿಕೊಂಡಿದ್ದಳು. ಆ ಇಬ್ಬರ ನಾಲ್ಕು ಕೈಗಳ ಮೇಲೆ ಮನೆ ನಿಂತಿತ್ತು. ಮನೆಯಲ್ಲಿ ಐದು ವರ್ಷದ ಮೊಮ್ಮಗಳಿದ್ದಳು.

ಬೆಳಗಿನ ಹೊತ್ತು ಎಲ್ಲರೂ ಕೊಳೆಬಟ್ಟೆ ಬೇರ್ಪಡಿಸಬೇಕು. ಅದಕ್ಕೆ ಕೈಗವಸು ಇರಲಿಲ್ಲವೆಂದಲ್ಲ. ಮೊಣಕೈವರೆಗೆ ಬರುವ ದಪ್ಪ ರಬ್ಬರಿನವು ಹನ್ನೆರಡು ಜೊತೆ ಇದ್ದವು, ಕೈಗಳು ಅರವತ್ತನಾಲ್ಕು. ಕೆಲಸ ಮುಗಿದವಳು ಅವನ್ನು ಕಳಚಿ ಬಾಗಿಲ ಪಕ್ಕದ ನೀಲಿ ಪೀಪಾಯಿಗೆ ಎಸೆಯುವಳು, ಮುಂದಿನವಳು ಸಿಕ್ಕಿದ ಜೊತೆಯನ್ನು ಏರಿಸಿಕೊಳ್ಳುವಳು. ಅವುಗಳ ಒಳಗಿನ ತೇವ ವರ್ಷವಿಡೀ ಆರುತ್ತಿರಲಿಲ್ಲ. ಒಬ್ಬಳು ಬೆವರಿದ ಒದ್ದೆಯೊಳಗೆ ಇನ್ನೊಬ್ಬಳು ಕೈ ತೂರಿಸಬೇಕು. ಹೀಗೆ ಕೈಯಿಂದ ಕೈಗೆ ಹುಳುಕಡ್ಡಿ ಹಬ್ಬಿತ್ತು. ಮಣಿಕಟ್ಟಿನ ಮೇಲೊಂದು ಸಣ್ಣ ಬೊಟ್ಟಾಗಿ ಹುಟ್ಟಿ, ಅಂಚು ಏರಿ, ನಡು ತಿಳಿಯಾಗಿ, ವಾರ ಕಳೆಯುವಷ್ಟರಲ್ಲಿ ದುಂಡಗೆ ಬಳೆಯಷ್ಟಾಗುತ್ತಿತ್ತು. ಹೆಂಗಸರು ಅದನ್ನು ಉಂಗುರ ಎಂದು ಕರೆದು ನಗುತ್ತಿದ್ದರು.

“ಏನೇ, ಈ ವಾರಾನೂ ಒಂದು ಉಂಗುರ ಹೊಸದು! ಯಾರೇ ಅವನು, ಅಷ್ಟೊಂದು ಪ್ರೀತಿ ಮಾಡೋನು?” ಎಂದು ಕೇಳುವವಳು ಇಸ್ತ್ರಿಯ ಯಂತ್ರದ ಹೆಂಗಸು. ಬಾಯಿಬಡುಕಿ ಎಂದೇ ಆಕೆಯ ಹೆಸರು.

ನಗೆ ಭಾನುವಾರದವರೆಗೆ. ಸೋಮವಾರ ಬೆಳಗ್ಗೆ ಕೈ ತಪಾಸಣೆ. ಗುತ್ತಿಗೆದಾರನ ಮೇಲ್ವಿಚಾರಕ, ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಚಾಳಿಯಿಂದ ಗಡಿಯಾರ ಎಂಬ ಹೆಸರು ಪಡೆದವನು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಣಕೈವರೆಗೆ ತೋಳು ನೋಡುತ್ತಿದ್ದ. ಚರ್ಮರೋಗವಿರುವವರು ರೋಗಿಗಳ ಬಟ್ಟೆ ಮುಟ್ಟಕೂಡದೆಂಬುದು ಆಸ್ಪತ್ರೆಯ ನಿಯಮ. ನಿಯಮದಲ್ಲಿ ತಪ್ಪಿಲ್ಲ, ನರಳುವವನಿಗೆ ಶುದ್ಧವಾದ ಹಾಸಿಗೆ ಸಿಗಲೇಬೇಕು. ಆದರೆ ಅದನ್ನು ಬರೆದವರು ಕೈಯನ್ನು ಏನು ಮಾಡಬೇಕೆಂದು ಬರೆದು, ಆ ಕೈಯುಳ್ಳವಳನ್ನು ಏನು ಮಾಡಬೇಕೆಂಬುದನ್ನು ಬರೆಯದೆ ಲೇಖನಿ ಮುಚ್ಚಿದ್ದರು. ಕೈ ನೋಡಲು ಆಳಿತ್ತು, ಕೈಗೆ ಔಷಧ ಹಚ್ಚಲು ಇರಲಿಲ್ಲ. ತಪಾಸಣೆ ಶುರುವಾದ ವರ್ಷ ಉಂಗುರ ಕಂಡ ಇಬ್ಬರನ್ನು “ವಾಸಿ ಮಾಡ್ಕೊಂಡು ಬನ್ನಿ” ಎಂದು ಕಳಿಸಿದ್ದರು. ಅವರ ಜಾಗಕ್ಕೆ ಅದೇ ಮಧ್ಯಾಹ್ನ ಬೇರೆ ಇಬ್ಬರು ಬಂದು ನಿಂತಿದ್ದರು.

ಈ ಸಂಕಟಕ್ಕೆ ದಾರಿ ಹುಡುಕಿದವಳು ದೊಡ್ಡಕ್ಕನೇ. ಮೂರು ಔಷಧಿ ಒಟ್ಟಿಗೆ ಕಲಸಿದ ಬಿಳಿ ಟ್ಯೂಬೊಂದು ಯಾವ ಔಷಧದಂಗಡಿಯಲ್ಲಿ ಕೇಳಿದರೂ ಸಿಗುತ್ತಿತ್ತು. ಚೀಟಿ ಎಲ್ಲಿ ಎಂದು ಕೇಳುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಶುಕ್ರವಾರದಿಂದ ಹಚ್ಚಿದರೆ ತುರಿಕೆ ಶನಿವಾರ ಅಡಗಿ, ಉಬ್ಬಿದ ಅಂಚು ಭಾನುವಾರ ಇಳಿದು, ಸೋಮವಾರ ಬೆಳಗ್ಗೆ ತೋಳು ಮಗುವಿನ ತೋಳಿನಂತಿರುತ್ತಿತ್ತು. ಬುಧವಾರದ ಹೊತ್ತಿಗೆ ಉಂಗುರ ಮೊದಲಿಗಿಂತ ಅಗಲವಾಗಿ ಮರಳುತ್ತಿತ್ತೆಂಬುದು ಬೇರೆ ಮಾತು. ಬುಧವಾರ ಯಾರೂ ಕೈ ನೋಡುತ್ತಿರಲಿಲ್ಲ. ಸೊಂಟದ ಚೀಲದಲ್ಲಿ ಟ್ಯೂಬಿಟ್ಟುಕೊಂಡು ಕಡಲೆಕಾಳಿನಷ್ಟು ಕಡಲೆಕಾಳಿನಷ್ಟು ಹಂಚುವಾಗ ಆಕೆಗೆ ತಾನು ಅಷ್ಟೂ ಮನೆಗಳ ಒಲೆ ಆರದಂತೆ ಕಾಯುತ್ತಿದ್ದೇನೆಂಬ ಹೆಮ್ಮೆಯಿತ್ತು. ಆ ಹೆಮ್ಮೆ ಸುಳ್ಳೂ ಆಗಿರಲಿಲ್ಲ.

ಆರು ವರ್ಷ ಹೀಗೆ ನಡೆಯಿತು. ಕೈಕೊಟ್ಟದ್ದು ಆಕೆಯ ಚರ್ಮವೇ. ಎರಡೂ ಮುಂಗೈಗಳ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಒಳಗಿನ ನರಗಳು ನೀಲಿ ದಾರದಂತೆ ಕಾಣತೊಡಗಿದವು. ಉದ್ದುದ್ದ ಬಿಳಿಯ ಬಿರುಕುಗಳು ಮೂಡಿದವು. ಒಂದು ದಿನ ಒರಟು ಚಾದರದ ಅಂಚು ಉಜ್ಜಿದಷ್ಟಕ್ಕೇ ತೋಳಿನ ಚರ್ಮ ಕಿತ್ತು ರಕ್ತ ಬಂತು. ಆಕೆಗೆ ಗೊತ್ತೇ ಆಗಲಿಲ್ಲ. ಆ ಚಾದರ ನಾಲ್ಕನೆಯ ಮಹಡಿಗೆ ಹೋಗಿ, ಒಗೆದ ಬಟ್ಟೆಯಲ್ಲಿ ಹಸಿ ರಕ್ತವೆಂಬ ದೂರು ಹೊತ್ತು ಹಿಂದಿರುಗಿತು.

“ಯಾರದು ಇದು?” ಎಂದ ಗಡಿಯಾರ, ಚಾದರ ಎತ್ತಿಹಿಡಿದು. “ಇನ್ನೊಂದ್ ಸಲ ಹೀಗಾಗ್ಲಿ. ಆಗ ಒಬ್ಬೊಬ್ರನ್ನೇ ನೋಡ್ತೀನಿ.”

ಅತ್ತೆಯ ತೋಳನ್ನು ಸೊಸೆ ಮೇಜಿನ ಕೆಳಗಿನಿಂದ ಹಿಡಿದು ನೋಡಿದಳು. “ಅತ್ತೇ, ಮೊದ್ಲು ಡಾಕ್ಟರಿಗೆ ತೋರ್ಸಿ. ಊರಿಗೆಲ್ಲ ಔಷಧ ಹಂಚಿದ್ದು ಸಾಕು.”

“ನೀನು ಬಾಯ್ಮುಚ್ಚು. ನಿನ್ ಕೈ ಚೆನ್ನಾಗಿರೋದೇ ನನ್ನ ಔಷಧದಿಂದ.”

“ಹೂಂ, ಗೊತ್ತು. ಅದಕ್ಕೇ ಹೆದ್ರಿಕೆ.”

ಹದಿನಾಲ್ಕು ವರ್ಷ ಆ ಆಸ್ಪತ್ರೆಯ ಬಟ್ಟೆ ಮಡಿಸಿದವಳು ಅದರ ಮೆಟ್ಟಿಲನ್ನು ರೋಗಿಯಾಗಿ ಹತ್ತಿದ್ದು ಆ ಗುರುವಾರವೇ ಮೊದಲು. ಗುತ್ತಿಗೆಯವರಿಗೆ ಸಿಬ್ಬಂದಿಯ ಬಾಗಿಲಿಲ್ಲ. ಹೊರಗೆ ರಸ್ತೆಗೆ ಹೋಗಿ, ಸುತ್ತುಬಳಸಿ, ಸಾಲಿನಲ್ಲಿ ನಿಂತು ಚೀಟಿ ಪಡೆಯಬೇಕು. ಚರ್ಮದ ದೊಡ್ಡ ಡಾಕ್ಟರು ಮೇಜಿನಾಚೆಯಿಂದಲೇ ಕಣ್ಣು ಹಾಯಿಸಿದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಚರ್ಮರೋಗಗಳ ಪಟವಿತ್ತು: ಇಪ್ಪತ್ತು ತೋಳುಗಳು, ಇಪ್ಪತ್ತೂ ಹಾಲಿನ ಬಣ್ಣದವು, ಅವುಗಳ ಮೇಲೆ ಕುಂಕುಮದಲ್ಲಿ ಬರೆದಂಥ ಕೆಂಪು ವೃತ್ತಗಳು. ದೊಡ್ಡಕ್ಕನದು ಸುಟ್ಟ ಇಟ್ಟಿಗೆಯ ಬಣ್ಣಕ್ಕಿಂತ ಎರಡು ಪಟ್ಟು ಗಾಢವಾದ ಕಪ್ಪು.

“ಫಂಗಸ್ ಅಲ್ಲ ಬಿಡಿ. ಇದ್ದಿದ್ರೆ ಕೆಂಪಗಿರೋದು,” ಎಂದರು ಡಾಕ್ಟರು.

“ನಮ್ಮ ಮೈ ಯಾವತ್ತು ಕೆಂಪಾಗಿತ್ತು ಸಾರ್? ನಾಚಿದ್ರೂ ಆಗಲ್ಲ, ಬೈದ್ರೂ ಆಗಲ್ಲ.”

ಡಾಕ್ಟರು ನಗಲಿಲ್ಲ. ಸೋಪಿನ ಅಲರ್ಜಿ ಎಂದು ಬರೆದು, ದಿನಕ್ಕೆರಡು ಬಾರಿ ಮೈ ತೊಳೆದು ಶುಚಿಯಾಗಿರಬೇಕೆಂದು ಹೇಳಿ, ಒಂದು ಮುಲಾಮಿನ ಹೆಸರು ಗೀಚಿದರು. ದಿನಕ್ಕೆ ಎಂಟು ಗಂಟೆ ಸೋಪಿನ ನೀರಲ್ಲಿ ನಿಲ್ಲುವವಳಿಗೆ ಶುಚಿಯ ಪಾಠ! ಪಟದಲ್ಲಿಲ್ಲದ ಬಣ್ಣದ ಮೇಲೆ ರೋಗ ಬರುವುದಿಲ್ಲವೆಂದು ನಂಬುವ ವಿದ್ಯೆಯನ್ನು ಕಲಿಸಿದವರು ಯಾರೋ, ಅವರೂ ಎಲ್ಲೋ ಗೌರವದ ಕುರ್ಚಿಯಲ್ಲೇ ಕುಳಿತಿರುತ್ತಾರೆ.

ಆಕೆ ಬಾಗಿಲು ದಾಟುವಾಗ ತಡೆದವಳು ಅದೇ ಕೋಣೆಯ ಮೂಲೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ಕಿರಿಯ ಡಾಕ್ಟರು. ಹೊರಗಿನ ಕಿಟಕಿಯ ಬೆಳಕಿಗೆ ಕರೆದೊಯ್ದು, ಕೈಗವಸಿಲ್ಲದ ಬೆರಳಿನಿಂದ ತೋಳನ್ನು ತಡವಿ ನೋಡಿದಳು.

“ಏನ್ ಹಚ್ತಿದ್ರಿ ಅಮ್ಮ ಇಷ್ಟು ದಿನ?”

ದೊಡ್ಡಕ್ಕ ಚೀಲದಿಂದ ಟ್ಯೂಬು ತೆಗೆದು ತೋರಿಸಿದಳು. ಕಿರಿಯ ಡಾಕ್ಟರು ಅದನ್ನು ಓದಿ ಕಣ್ಣು ಮುಚ್ಚಿ ತೆರೆದಳು. “ಇದು ಹುಳುವೂ ಅಲ್ಲ, ಅಲರ್ಜಿಯೂ ಅಲ್ಲ. ಒದ್ದೆ ಗೋಡೆಗೆ ಬೂಷ್ಟು ಹಿಡಿಯತ್ತಲ್ಲ, ಅಂಥದ್ದು. ಈ ಟ್ಯೂಬು ಬೂಷ್ಟನ್ನ ಕೊಲ್ಲಲ್ಲ. ಮೇಲೆ ಸುಣ್ಣ ಬಳಿಯತ್ತೆ ಅಷ್ಟೆ. ಒಳಗೆ ಅದು ಆರಾಮಾಗಿ ಬೆಳೀತಿರತ್ತೆ, ಚರ್ಮ ಮಾತ್ರ ಸಾಯತ್ತೆ.”

“ಮತ್ತೆ ಮಾತ್ರೆ ಕೊಡಿ ತಾಯಿ.”

“ಕೊಡ್ತೀನಿ. ಆದ್ರೆ ದೊಡ್ಡ ಡಾಕ್ಟರು ಅಲರ್ಜಿ ಅಂತ ಬರ್ದಿದ್ದಾರೆ. ನಾನು ಚರ್ಮ ಕೆರೆದು ಪರೀಕ್ಷೆ ಮಾಡಿ ತೋರಿಸದೆ ಅದನ್ನ ಬದಲಾಯ್ಸೋ ಹಾಗಿಲ್ಲ. ಇಷ್ಟೊಂದು ಮುಲಾಮು ಹೀರಿರೋ ಚರ್ಮದಲ್ಲಿ ಏನೂ ಸಿಗಲ್ಲ. ಎರಡು ವಾರ ಏನೂ ಹಚ್ಬೇಡಿ. ಚೆನ್ನಾಗಿ ಎದ್ದು ಕಾಣ್ಲಿ. ಆಮೇಲೆ ಗುರುವಾರ ಬನ್ನಿ.”

ಎರಡು ವಾರವೆಂದರೆ ಎರಡು ಸೋಮವಾರ. ರೋಗ ವಾಸಿಯಾಗಬೇಕಾದರೆ ರೋಗ ಕಾಣಬೇಕು; ಕಂಡರೆ ಕೆಲಸವಿಲ್ಲ. ಮೆಟ್ಟಿಲಿಳಿಯುತ್ತ ದೊಡ್ಡಕ್ಕ ಅದನ್ನು ಹಾಗೂ ಹೀಗೂ ಮಡಿಸಿ ನೋಡಿದಳು. ಯಾವ ಕಡೆಯಿಂದ ಹಿಡಿದರೂ ಮೂಲೆ ಕೂಡಲಿಲ್ಲ.

ದಾರಿ ತೋರಿಸಿದವಳು ಬಾಯಿಬಡುಕಿ. “ಅಯ್ಯೋ ಹುಚ್ಚೀ, ಸುಟ್ಕೊಂಡೆ ಅನ್ನು. ಕಟ್ಟು ಕಟ್ಕೋ. ಸುಟ್ಟ ಗಾಯಕ್ಕೆ ಇಲ್ಲಿ ಮರ್ಯಾದೆ ಇದೆ.”

ಅದು ನಿಜ. ಇಸ್ತ್ರಿಗೆ ಕೈ ತಾಗಿದರೆ ಅದು ಕೆಲಸದ ಗಾಯ. ಗಡಿಯಾರ ಪುಸ್ತಕದಲ್ಲಿ ಬರೆದು, ಕಟ್ಟು ಬಿಚ್ಚದೆ ವಾರ ಬಿಡುತ್ತಿದ್ದ. ಕೈಗವಸಿನಿಂದ ಬಂದ ರೋಗ ಮಾತ್ರ ಕೆಲಸದ್ದಲ್ಲ, ಮನೆಯ ಕೊಳಕು. ಒಂದೇ ಕೋಣೆಯಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ತೋಳಿಗೆ ಬಂದ ಎರಡು ಕೇಡುಗಳಲ್ಲಿ ಒಂದಕ್ಕೆ ಗೌರವ, ಇನ್ನೊಂದಕ್ಕೆ ಛೀಮಾರಿ.

ಮೊದಲ ಸೋಮವಾರ ಎರಡೂ ಮುಂಗೈಗೆ ಕಟ್ಟು ಕಟ್ಟಿಕೊಂಡು ನಿಂತಳು.

“ಏನ್ ದೊಡ್ಡಕ್ಕ, ಎರಡೂ ಕೈಯನ್ನೂ ಇಸ್ತ್ರಿ ಮಾಡ್ಸಿದ್ಯಾ?” ಎಂದ ಗಡಿಯಾರ, ನಗುತ್ತ. “ಮುಂದಿನ ಸೋಮವಾರ ಬಿಚ್ಚಿ ತೋರ್ಸು. ಎರಡೂ ಕೈ ಅಂದ್ರೆ ಮೇಲಿನವ್ರು ಕೇಳ್ತಾರೆ.”

ಆ ಹತ್ತು ದಿನದ ತುರಿಕೆಯನ್ನು ಮಾತಿನಲ್ಲಿ ಹೇಳುವುದು ಕಷ್ಟ. ಟ್ಯೂಬಿನ ಹಂಗು ತಪ್ಪಿದ ಚರ್ಮ ಬೆಂಕಿಯಿಟ್ಟಂತೆ ಉರಿಯುತ್ತಿತ್ತು. ಒಂದರೊಳಗೊಂದು ಮೂರು ಮೂರು ವೃತ್ತಗಳು, ಬೂದು ಬಣ್ಣದ ಹೊಟ್ಟು ಹೊತ್ತು, ಮಣಿಕಟ್ಟಿನಿಂದ ಮೊಣಕೈಗೆ ಏರಿದವು. ಆಕೆ ಕಟ್ಟಿನ ಮೇಲಿಂದಲೇ ಮೇಜಿನ ಅಂಚಿಗೆ ತೋಳು ಉಜ್ಜುತ್ತ ಮಡಿಸಿದಳು. ಮೊಮ್ಮಗಳು ಹತ್ತಿರ ಬಂದರೆ “ಅಲ್ಲೇ ಇರೇ, ಬರಬೇಡ” ಎಂದು ಗದರಿ, ಆಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು.

ಎರಡನೆಯ ಸೋಮವಾರಕ್ಕೆ ಮುಂಚಿನ ಶುಕ್ರವಾರ ಸಂಜೆ ಸೊಸೆ ಮುಂಗೈ ಚಾಚಿ ಎದುರು ಕುಳಿತಳು. ಅಲ್ಲಿಯೂ ಎರಡು ಉಂಗುರಗಳಿದ್ದವು. “ಏನ್ ಮಾಡ್ಲಿ ಅತ್ತೆ?”

ಟ್ಯೂಬು ಏನು ಮಾಡುತ್ತದೆಂದು ದೊಡ್ಡಕ್ಕನಿಗೆ ಈಗ ಗೊತ್ತಿತ್ತು. ಆರು ವರ್ಷ ತಿಳಿಯದೆ ಮಾಡಿದ್ದನ್ನು ಆ ಸಂಜೆ ತಿಳಿದು ಮಾಡಿದಳು. ಬೆರಳ ತುದಿಗೆ ಕಡಲೆಕಾಳಿನಷ್ಟು ಹಿಂಡಿಕೊಂಡು, ಸೊಸೆಯ ತೋಳಿಗೆ ನಿಧಾನವಾಗಿ, ಅಂಚೂ ಬಿಡದಂತೆ ತಿಕ್ಕಿದಳು. “ಸೋಮವಾರ ಒಬ್ಳಾದ್ರೂ ಉಳೀಬೇಕಲ್ಲೇ,” ಎಂದಷ್ಟೇ ಹೇಳಿದಳು.

ಸೋಮವಾರ ಬೆಳಗ್ಗೆ ತಪಾಸಣೆಗೆ ಮುನ್ನ ಇಸ್ತ್ರಿ ಯಂತ್ರ ಆಗಲೇ ಕಾದಿತ್ತು. ಬಾಯಿಬಡುಕಿ ಮೊದಲ ಬಾರಿಗೆ ದನಿ ತಗ್ಗಿಸಿ, “ಒಂದು ಕ್ಷಣ ತಾಗ್ಸು ದೊಡ್ಡಕ್ಕ. ಕಣ್ಮುಚ್ಕೋ. ನಿಜವಾದ ಗಾಯ ಆಗೋಗ್ಲಿ. ಯಾರೂ ಕೇಳಲ್ಲ,” ಎಂದಳು.

ದೊಡ್ಡಕ್ಕ ಕಟ್ಟು ಬಿಚ್ಚಿ, ತೋಳನ್ನು ಕಾದ ತಗಡಿನ ಹತ್ತಿರ ಒಯ್ದಳು. ಬಿಸಿ ಮುಖಕ್ಕೆ ರಾಚಿತು. ಒಂದು ಗೇಣು ಇತ್ತು, ಅರ್ಧ ಗೇಣಾಯಿತು. ಕೂದಲು ಸುರುಟಿದ ವಾಸನೆ ಬಂತು. ಸುಟ್ಟರೆ ಕೆರೆಯಲು ಚರ್ಮವೆಲ್ಲಿ? ಕೆರೆಯದೆ ಮಾತ್ರೆಯೆಲ್ಲಿ? ಗಾಯ ಮಾಯುತ್ತದೆ, ಅದರ ಸುತ್ತ ಬೂಷ್ಟು ಮತ್ತೆ ಹುಟ್ಟುತ್ತದೆ, ಮತ್ತೊಂದು ಸೋಮವಾರ ಮತ್ತೆ ಸುಡಬೇಕು. ತನ್ನ ಮೈಯನ್ನು ತಾನೇ ಬೇಯಿಸಿ ತೋರಿಸಿದರೆ ಮಾತ್ರ ಸಿಗುವ ಕೆಲಸ ಇದು ಎಂಬುದು ಆಕೆಗೆ ಆ ಬಿಸಿಯಲ್ಲಿ ನಿಚ್ಚಳವಾಯಿತು. ತೋಳು ಹಿಂದಕ್ಕೆ ಬಂತು.

ಸಾಲಿನಲ್ಲಿ ಬರಿಯ ತೋಳು ಚಾಚಿ ನಿಂತಳು. ಗಡಿಯಾರ ಎರಡು ಹೆಜ್ಜೆ ಹಿಂದೆ ಸರಿದ.

“ಇದೇನಿದು? ಸುಟ್ಟಿದ್ದು ಅಂದಿದ್ದೆ?”

“ಸುಳ್ಳು ಹೇಳಿದ್ದೆ. ಇದು ಹುಳುಕಡ್ಡಿ. ಇಲ್ಲಿನ ಕೈಗವಸಿಂದ ಬಂದಿದ್ದು.”

“ಕೈಗವಸಿಂದ?” ಗಡಿಯಾರನ ದನಿ ಏರಿತು. “ಎಲ್ರೂ ಅದೇ ಕೈಗವಸು ಹಾಕ್ಕೊಳ್ಳೋದು. ತೋರ್ಸ್ರೇ ಎಲ್ರೂ ಕೈ!”

ಮೂವತ್ತೊಂದು ಜೊತೆ ಕೈಗಳು ಮುಂದೆ ಬಂದವು. ಅವನು ಒಂದೊಂದನ್ನೂ ನೋಡುತ್ತ, ಬೇಕೆಂದೇ ನಿಧಾನವಾಗಿ, ಸಾಲಿನುದ್ದಕ್ಕೂ ನಡೆದ. ಎಲ್ಲಿಯೂ ಒಂದು ಗೆರೆಯಿಲ್ಲ, ಒಂದು ಹೊಟ್ಟಿಲ್ಲ. ಶುಕ್ರವಾರದಿಂದ ಟ್ಯೂಬು ಹಚ್ಚಿಕೊಂಡಿದ್ದ, ನುಣುಪಾದ, ಮೌನವಾದ ಕೈಗಳು. ಬಾಯಿಬಡುಕಿಯ ಬಾಯಿಯೂ ಕಟ್ಟಿತ್ತು. ಸೊಸೆಯ ಮುಂದೆ ಅವನು ಹೆಚ್ಚು ಹೊತ್ತು ನಿಂತ. ತೋಳನ್ನು ಹೊರಳಿಸಿ ಹೊರಳಿಸಿ ನೋಡಿದ.

“ನೀನು ಇವಳ ಜೊತೆ ಒಂದೇ ಮನೇಲಿರೋಳು ತಾನೆ? ನಿಂಗೇ ಇಲ್ಲ. ಮೂವತ್ತೊಂದು ಜನಕ್ಕೆ ಬರದೇ ಇರೋದು ಇವಳೊಬ್ಳಿಗೆ ಕೈಗವಸಿಂದ ಬಂತಂತೆ!” ದೊಡ್ಡಕ್ಕನತ್ತ ತಿರುಗಿದ. “ನಿನ್ನ ಕೊಳಕು ತಂದು ನಮ್ಮ ಕೈಗವಸಿನ ಮೇಲೆ ಹಾಕ್ತೀಯಾ?”

ದೊಡ್ಡಕ್ಕ ಆ ಸಾಲನ್ನು ನೋಡಿದಳು. ಅವಳ ಬಾಯಿಯಲ್ಲಿ ಒಂದೇ ಒಂದು ಮಾತಿತ್ತು: ಆ ಕೈಗಳಿಗೆ ಎರಡು ದಿನ ಏನೂ ಹಚ್ಚಗೊಡದೆ, ಬುಧವಾರ ಬಂದು ಮತ್ತೆ ನೋಡಿ. ಆ ಮಾತಿಗೆ ಅವಳು ನಿರಪರಾಧಿಯಾಗುತ್ತಿದ್ದಳು, ಮೂವತ್ತೊಂದು ಜನ ಬೀದಿಗೆ ಬೀಳುತ್ತಿದ್ದರು. ಮೂವತ್ತೆರಡನೆಯವಳು ಹೇಗೂ ಬಿದ್ದಾಗಿತ್ತು. ಆಕೆಯ ಕೈಗೆ ಎದುರಾಗಿ ಸಾಕ್ಷಿ ಹೇಳುತ್ತಿದ್ದ ಆ ಕೈಗಳನ್ನೆಲ್ಲ ಆರು ವರ್ಷ ತರಬೇತು ಮಾಡಿದವಳು ಆಕೆಯೇ. ಎಷ್ಟು ಚೆನ್ನಾಗಿ ಕಲಿತಿದ್ದರು!

“ಹೌದು,” ಎಂದಳು. “ಮನೇಲೇ ಬಂದಿರಬೇಕು.”

ಸೊಸೆಯ ತುಟಿ ಅದುರಿತು. ದೊಡ್ಡಕ್ಕ ಅವಳತ್ತ ಒಮ್ಮೆ ಕಣ್ಣು ಕೆರಳಿಸಿ ನೋಡಿದಳು, ತುಟಿ ನಿಂತಿತು. ಗಡಿಯಾರ ಮಣಿಕಟ್ಟು ನೋಡಿಕೊಂಡು, ಮಧ್ಯಾಹ್ನದೊಳಗೆ ಬೇರೆ ಆಳು ಬರುತ್ತದೆಂದು ಹೇಳಿ, ಬಾಗಿಲು ತೋರಿಸಿದ.

ಗುರುವಾರ ಕಿರಿಯ ಡಾಕ್ಟರು ಮೊಂಡಾದ ಬ್ಲೇಡಿನಿಂದ ತೋಳಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿಕೊಂಡು, ಹನಿ ದ್ರಾವಣ ಬಿಟ್ಟು, ಸ್ವಲ್ಪ ಹೊತ್ತಿಗೆ ಸೂಕ್ಷ್ಮದರ್ಶಕಕ್ಕೆ ಬಾಗಿದಳು. ಬಾಗಿದವಳು ಏಳದೆ, “ಇಲ್ಲಿದೆ. ಬೇಕಾದಷ್ಟಿದೆ,” ಎಂದಳು. ಆಮೇಲೆ ದೊಡ್ಡಕ್ಕನನ್ನೂ ಕರೆದು ನೋಡಗೊಟ್ಟಳು. ಹೊಲಿಗೆ ಬಿಟ್ಟ ಚಾದರದ ಅಂಚಿನಿಂದ ಎಳೆಯೆಳೆಯಾಗಿ ಹೊರಬರುವ ನೂಲಿನಂತೆ ಏನೋ ಅಲ್ಲಿ ಕವಲೊಡೆದು ಹರಡಿತ್ತು. ಇಷ್ಟು ಸಣ್ಣದಕ್ಕಾ ಇಷ್ಟೆಲ್ಲ ಎನ್ನಿಸಿತು ಆಕೆಗೆ.

“ಆರು ವಾರ ಮಾತ್ರೆ. ಒಂದು ದಿನಾನೂ ತಪ್ಪಿಸ್ಬೇಡಿ. ಚರ್ಮದ ಬಿರುಕು ಪೂರ್ತಿ ಹೋಗಲ್ಲಮ್ಮ, ಸುಳ್ಳು ಹೇಳಲ್ಲ. ತುರಿಕೆ ಹೋಗತ್ತೆ.” ಡಾಕ್ಟರು ಒಂದು ದೊಡ್ಡ ಹಾಳೆಯನ್ನು ಮುಂದಕ್ಕೆಳೆದುಕೊಂಡಳು. “ನೀವು ಕೆಳಗೆ ಬಟ್ಟೆ ಒಗೆಯೋ ವಿಭಾಗದಲ್ಲಿದ್ರಿ ಅಲ್ವಾ? ಇದನ್ನ ಮೇಲಕ್ಕೆ ಕಳಿಸ್ಬೇಕು. ಅಲ್ಲಿ ಇನ್ನೆಷ್ಟು ಜನಕ್ಕಿದೆ?”

ದೊಡ್ಡಕ್ಕ ತೋಳನ್ನು ಬಟ್ಟೆಯೊಳಗೆ ಎಳೆದುಕೊಂಡಳು. “ಹೇಳಿದ್ರೆ ಅವರನ್ನೇನು ಮಾಡ್ತಾರೆ?”

“ಔಷಧ ಕೊಡ್ತೀವಿ.”

“ಔಷಧ ನೀವು ಕೊಡ್ತೀರಿ. ಅವರು?”

ಕಿರಿಯ ಡಾಕ್ಟರು ಪ್ರಾಮಾಣಿಕಳು; ತಡವರಿಸಿದಳು. “ವಾಸಿಯಾಗೋವರೆಗೂ ಕೆಲಸದಿಂದ ದೂರ ಇಡ್ತಾರೆ. ನಿಯಮ ಹಾಗಿದೆ.”

“ಆರು ವಾರ?”

“ಆರು ವಾರ.”

“ಆ ಆರು ವಾರದ ಊಟದ್ದು ನಿಯಮದಲ್ಲಿ ಏನ್ ಬರ್ದಿದೆ ತಾಯಿ?”

ಕಾರಿಡಾರಿನಲ್ಲಿ ಚಕ್ರದ ಗಾಡಿಯೊಂದು ಒಗೆದ ಬಟ್ಟೆಯ ಕಟ್ಟುಗಳನ್ನು ಹೊತ್ತು ಕಿರುಗುಟ್ಟುತ್ತ ಹೋಯಿತು. ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. “ನೋಡಿ ಅಮ್ಮ, ನೀವೊಬ್ರೇ ವಾಸಿಯಾದ್ರೆ ಪ್ರಯೋಜನ ಇಲ್ಲ. ಜೊತೆಗಿರೋರಿಗೆ ಇದ್ರೆ ನಿಮಗೆ ವಾಪಸ್ ಬರತ್ತೆ. ಮತ್ತೆ ಮೊದಲಿಂದ. ನಿಜ ಹೇಳಿ. ಎಷ್ಟು ಜನ? ನಾನು ಸಂಖ್ಯೆ ಬರೆದ್ರೆ ಮಾತ್ರ ಯಾರಾದ್ರೂ ಕೈಗವಸಿನ ಬಗ್ಗೆ ಯೋಚ್ನೆ ಮಾಡ್ತಾರೆ.”

ಆ ಹುಡುಗಿ ಹೇಳುತ್ತಿದ್ದುದು ಸರಿಯೆಂದು ದೊಡ್ಡಕ್ಕನಿಗೆ ಗೊತ್ತಿತ್ತು. ತಾನು ಹೇಳಹೊರಟಿರುವುದೂ ಸರಿಯೆಂದು ಗೊತ್ತಿತ್ತು. ಎರಡು ಸರಿಗಳು ಒಂದನ್ನೊಂದು ಕೊಲ್ಲುವಂತೆ ಲೋಕವನ್ನು ಜೋಡಿಸಿಟ್ಟವರು ಆ ಕೋಣೆಯಲ್ಲಿರಲಿಲ್ಲ. ಅವರು ಎಂದೂ ಅಂಥ ಕೋಣೆಗಳಲ್ಲಿ ಇರುವುದಿಲ್ಲ.

“ನನಗೊಬ್ಬಳಿಗೇ,” ಎಂದಳು.

“ಮನೇಲಿ ಬೇರೆ ಯಾರಿಗಾದ್ರೂ?”

“ಸೊಸೆ ಕೈ ಚೆನ್ನಾಗಿದೆ. ಮೊನ್ನೆ ಸೋಮವಾರ ತಾನೇ ನೋಡಿದ್ರು.”

ಕಿರಿಯ ಡಾಕ್ಟರು ಆಕೆಯ ಸೊಂಟದ ಚೀಲದತ್ತ ಒಮ್ಮೆ ನೋಡಿದಳು. ಆಮೇಲೆ ಲೇಖನಿ ಎತ್ತಿ, ಬಟ್ಟೆ ವಿಭಾಗವೆಂದಿದ್ದ ಸಾಲಿನ ಎದುರು, ರೋಗಿಗಳ ಸಂಖ್ಯೆ ಎಂಬಲ್ಲಿ, ಒಂದು ಎಂದು ಬರೆದಳು.